1993ರ ಪಿಕಪ್‌ಗೆ 1999ರ ಎಂಜಿನ್: ಎರಡು ವರ್ಷ ಓಡಿಸಿದ ಮೇಲೆ

ನಾನು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಓಡಿಸುತ್ತಿರುವುದು 1993ರ ಟೊಯೋಟಾ ಪಿಕಪ್. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂದು ಕರೆಸಿಕೊಳ್ಳುವ ಈ ಗಾಡಿ ಆ ಕಾಲದ ಅಮೆರಿಕದಲ್ಲಿ ಬರಿಯ ‘ಪಿಕಪ್’ ಎಂದೇ ಮಾರಾಟವಾಯಿತು, ನೋಂದಣಿ ಪತ್ರದಲ್ಲಿಯೂ ಹಾಗೆಯೇ ಇದೆ. ನಾಲ್ಕು ಚಕ್ರದ ಎಳೆತ, ಐದು ಗಿಯರ್‌ಗಳ ಮ್ಯಾನುಯಲ್ ಪೆಟ್ಟಿಗೆ, ಹಿಂದೆ ಮಕ್ಕಳು ಮುದುಡಿ ಕೂರುವಷ್ಟು ಜಾಗ. ಎರಡು ವರ್ಷಗಳ ಹಿಂದೆ ಇದರ ಮೂಲ 3.0 ಲೀಟರ್ ವಿ6 (ಬದಿಗೆ ಮೂರರಂತೆ ಆರು ಸಿಲಿಂಡರ್‌ಗಳು V ಆಕಾರದಲ್ಲಿ ಕುಳಿತ) ಎಂಜಿನ್ ಇಳಿಸಿ, 1999ರ ಟೊಯೋಟಾ ಟಕೋಮಾ ಪಿಕಪ್ ಒಂದರ 3.4 ಲೀಟರ್ ವಿ6 ಅನ್ನು ಕೂರಿಸಿದೆ. ಎಂಜಿನ್, ಬಿಡಿಭಾಗ, ಕೂಲಿ, ತಪಾಸಣೆ ಎಲ್ಲ ಸೇರಿ ನನಗೆ ತಗುಲಿದ್ದು 9,600 ಡಾಲರ್. ಅಷ್ಟು ಹಣ ಸುರಿಯಬಹುದಾದ ಕೆಲಸವೇ ಇದು ಎಂದು ಕೇಳುವವರಿಗೆ ನನ್ನ ಉತ್ತರ ‘ಹೌದು’ ಎಂದೇ. ಆದರೆ ಗಾಡಿಯ ಚಾಸಿಗೆ ತುಕ್ಕು ಹತ್ತಿರಬಾರದು, ಮತ್ತು ಎಂಜಿನ್ ಆರಿಸುವಾಗ ಹೆಸರಿಗೆ ಮರುಳಾಗಬಾರದು. ಈ ಎರಡನೆಯ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಮೊದಲು ಇಳಿಸಿದ ಎಂಜಿನ್ ವಿಷಯ. 3ವಿಝಡ್-ಇ ಎಂಬುದು ಅದರ ಸಂಕೇತ. 1988ರಿಂದ 1995ರವರೆಗಿನ ಪಿಕಪ್ ಮತ್ತು ಫೋರ್‌ರನ್ನರ್‌ಗಳಲ್ಲಿ ಬಂದದ್ದು, 2,958 ಸಿಸಿ, 150 ಅಶ್ವಶಕ್ತಿ. ಕಾಗದದ ಮೇಲೆ ಸಾಲದು ಎನ್ನಿಸುವುದಿಲ್ಲ, ಸಮತಟ್ಟಾದ ರಸ್ತೆಯಲ್ಲಿಯೂ ದೂರುವಂತಿಲ್ಲ. ಆದರೆ ಸ್ಯಾಕ್ರಮೆಂಟೊದಿಂದ 80ನೆಯ ಹೆದ್ದಾರಿ ಹಿಡಿದು ಬೆಟ್ಟಗಳನ್ನು ದಾಟುವ ಡಾನರ್ ಕಣಿವೆದಾರಿಯ ಕಡೆಗೆ ಹೊರಟರೆ, ಸಮುದ್ರ ಮಟ್ಟಕ್ಕೆ ಹತ್ತಿರವಿರುವ ಊರಿನಿಂದ ನೂರು ಮೈಲಿಯೊಳಗೆ 7,200 ಅಡಿ ದಾಟಬೇಕಾಗುತ್ತದೆ. ಅಲ್ಲಿ ಆ ಎಂಜಿನ್ ಮೂರನೆಯ ಗಿಯರಿನಲ್ಲಿ, ಗಂಟೆಗೆ 45 ಮೈಲಿಯಲ್ಲಿ, ಬಲತುದಿಯ ಪಥದಲ್ಲಿ ಸರಕು ಲಾರಿಗಳ ಹಿಂದೆ ನರಳಿಕೊಂಡು ಹತ್ತುತ್ತಿತ್ತು. ಇಲ್ಲಿಯ ಮೆಕ್ಯಾನಿಕ್‌ಗಳು ಇದನ್ನು ‘ತ್ರೀ-ಪಾಯಿಂಟ್-ಸ್ಲೋ’ ಎಂದು ಅಡ್ಡಹೆಸರಿಟ್ಟು ಕರೆಯುವುದರಲ್ಲಿ ಅತಿಶಯವೇನೂ ಇಲ್ಲ.

ನಿಧಾನವನ್ನಾದರೂ ಸಹಿಸಿಕೊಳ್ಳಬಹುದು, ಆದರೆ ಈ ಎಂಜಿನ್ನಿಗೆ ಅಂಟಿಕೊಂಡಿದ್ದ ಕೆಟ್ಟ ಹೆಸರು ಹೆಡ್ ಗ್ಯಾಸ್ಕೆಟ್‌ನದು, ಅಂದರೆ ಎಂಜಿನ್ನಿನ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವೆ ನೀರು, ಆಯಿಲ್ ಸೋರದಂತೆ ತಡೆಯುವ ತೆಳು ಹಾಳೆಯದು. ಕಂಪನಿಯೇ ಮುಂದೆ ಬಂದು ಈ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್‌ಗಳನ್ನು ಉಚಿತವಾಗಿ ಸರಿಪಡಿಸಿಕೊಡುವ ಕಾರ್ಯಕ್ರಮ ನಡೆಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅನುಭವಸ್ಥರು ಬೊಟ್ಟು ಮಾಡುವುದು ಎಂಜಿನ್ನಿನ ಹಿಂಬದಿಗೆ: ಒಂದು ಬದಿಯ ಸಿಲಿಂಡರ್‌ಗಳ ಹೊಗೆಯನ್ನು ಇನ್ನೊಂದು ಬದಿಗೆ ಸಾಗಿಸುವ ಕೊಳವೆ ಅಲ್ಲಿ ಹೆಡ್‌ಗಳ ಬೆನ್ನಿಗೆ ಅಂಟಿದಂತೆ ಹಾದು ಹೋಗುತ್ತದೆ, ಅದರ ಬಿಸಿಯೆಲ್ಲ ಕೊನೆಯ ಸಿಲಿಂಡರ್‌ನ ಸುತ್ತಲೇ ಸುಳಿಯುತ್ತದೆ, ಆರನೆಯ ಸಿಲಿಂಡರ್‌ನ ವಾಲ್ವ್ ಸುಡುವುದಕ್ಕೂ ಅದನ್ನೇ ಕಾರಣವೆನ್ನುತ್ತಾರೆ. ನನ್ನ ಗಾಡಿಯ ಮಟ್ಟಿಗೆ ನಾನು ಎಂಜಿನ್ನನ್ನು ದೂರಲಾರೆ. 2,27,000 ಮೈಲಿ ಓಡಿದ್ದ ಎಂಜಿನ್ ಅದು. ರೇಡಿಯೇಟರ್‌ನಲ್ಲಿ ನೀರು ಇಳಿಯುತ್ತಿದ್ದುದನ್ನು ಕಂಡೂ ಮೇಲಿನಿಂದ ತುಂಬಿಸಿಕೊಂಡು ಒಂದು ಬೇಸಿಗೆಯನ್ನು ನೂಕಿದವನು ನಾನು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಆಬರ್ನ್ ದಾಟಿದ ಮೇಲೆ ಮುಳ್ಳು ಕೆಂಪು ಗೆರೆ ಮುಟ್ಟಿತು, ಹಿಂದಿನ ಕೊಳವೆಯಿಂದ ಸಿಹಿವಾಸನೆಯ ಬಿಳಿ ಹೊಗೆ ಬಂತು. ಆಯಿಲ್ ಮುಚ್ಚಳ ತೆಗೆದು ನೋಡಿದರೆ ಒಳಗೆ ಕಾಫಿಗೆ ಹಾಲು ಬೆರೆಸಿದ ಬಣ್ಣದ ನೊರೆ: ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿತ್ತು.

ಅದೇ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಿಸುವುದಕ್ಕೆ ಹೇಳಿದ ಬೆಲೆ 5,000 ಡಾಲರ್‌ನ ಆಸುಪಾಸು. ಅಷ್ಟು ಕೊಟ್ಟು ಅದೇ 150 ಅಶ್ವಶಕ್ತಿಯನ್ನೂ ಅದೇ ಕೊಳವೆಯನ್ನೂ ವಾಪಸು ಪಡೆಯುವುದು ನನಗೆ ಒಗ್ಗಲಿಲ್ಲ. ಹಾಗಾಗಿ ಬೇರೆ ಆರು ಸಿಲಿಂಡರ್ ಎಂಜಿನ್‌ಗಳನ್ನು ಕುರಿತು ಒಂದು ತಿಂಗಳು ತಲೆ ಕೆಡಿಸಿಕೊಂಡೆ.

ಅಮೆರಿಕದ ಪಿಕಪ್‌ಗಳ ಲೋಕದಲ್ಲಿ ‘ಎಂದೂ ಸಾಯದ ಆರು ಸಿಲಿಂಡರ್’ ಎಂಬ ಮಾತು ಬಂದ ಕೂಡಲೇ ಮೊದಲು ಕೇಳಿಬರುವ ಹೆಸರು ಫೋರ್ಡ್‌ನ 300. ಘನ ಅಂಗುಲದ ಲೆಕ್ಕದಲ್ಲಿ ಬಂದ ಹೆಸರು ಅದು, ಲೀಟರ್ ಲೆಕ್ಕದಲ್ಲಿ 4.9. ಆರೂ ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನಿಂತ ಈ ಎಂಜಿನ್ 1965ರಿಂದ 1996ರವರೆಗೆ ತಯಾರಾಯಿತು. ಬ್ಲಾಕ್ ಮತ್ತು ಹೆಡ್ ಎರಡೂ ಬೀಡುಕಬ್ಬಿಣ, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಗೆ ಏಳು ಮೇನ್ ಬೇರಿಂಗ್‌ಗಳು, ಟೈಮಿಂಗ್‌ಗೆ, ಅಂದರೆ ಕ್ರ್ಯಾಂಕ್‌ಗೆ ತಕ್ಕ ಹಾಗೆ ಕ್ಯಾಮ್‌ಶಾಫ್ಟ್ ತಿರುಗಿಸುವುದಕ್ಕೆ, ಚೈನೂ ಇಲ್ಲ ಬೆಲ್ಟೂ ಇಲ್ಲ, ಗಿಯರಿಗೆ ಗಿಯರೇ ಕಚ್ಚಿಕೊಂಡು ತಿರುಗುತ್ತದೆ. ಎಳೆಯುವ ಬಲವೆಲ್ಲ 2,000 ಆರ್‌ಪಿಎಂ ಹೊತ್ತಿಗೆ ಕೈಗೆ ಸಿಗುವುದರಿಂದ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯ ಕಂದು ಬಣ್ಣದ ಸಾಮಾನು ವ್ಯಾನ್‌ಗಳಲ್ಲಿ ದಶಕಗಳ ಕಾಲ ದುಡಿಯಿತು. ಇದರಲ್ಲಿ ದುರ್ಬಲ ಎನ್ನಬಹುದಾದ ಭಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ನ ಫೈಬರ್ ಗಿಯರ್. ಅದರ ಹಲ್ಲು ಸವೆದರೆ ಎಂಜಿನ್ನಿನ ಮುಂಭಾಗದ ಮುಚ್ಚಳ ಬಿಚ್ಚಿ, ಉಕ್ಕಿನ ಗಿಯರ್ ಹಾಕಿ, ಸ್ವಲ್ಪ ಹೆಚ್ಚಿಗೆ ಬರುವ ಸದ್ದನ್ನು ಒಪ್ಪಿಕೊಂಡು ಓಡಿಸಬಹುದು. ಫೋರ್ಡ್‌ನ ಹಳೆಯ ಎಫ್-150 ಪಿಕಪ್ ಇಟ್ಟುಕೊಂಡವರು ಈ ಎಂಜಿನ್ನನ್ನು ಬದಲಿಸುವ ಯೋಚನೆಯನ್ನೇ ಮಾಡಬಾರದು. ಆದರೆ ಉದ್ದವೂ ಭಾರವೂ ಆದ ಅದು ನನ್ನ ಪಿಕಪ್‌ನ ಮೂತಿಯೊಳಗೆ ಕೂರುವ ಮಾತೇ ಇಲ್ಲ.

ಜೀಪ್‌ನ 4.0 ಲೀಟರ್ ಕೂಡ ಇದೇ ಜಾತಿಯ ಸಾಲು ಎಂಜಿನ್, 1987ರಿಂದ 2006ರವರೆಗೆ ಬಂತು, ಕೊಮಾಂಚಿ ಪಿಕಪ್‌ನಲ್ಲಿಯೂ ಇತ್ತು. ಕೆಳಗಿನ ಭಾಗಕ್ಕೆ ಸಾವಿಲ್ಲ ಎನ್ನುವುದು ಬಹುಮಟ್ಟಿಗೆ ನಿಜ, ಆದರೆ 2000ದ ಆಸುಪಾಸಿನಲ್ಲಿ ಬಂದ, 0331 ಎಂಬ ಅಚ್ಚಿನ ಸಂಖ್ಯೆಯ ಹೆಡ್‌ಗಳು ನಡುವಿನ ಸಿಲಿಂಡರ್‌ಗಳ ಬಳಿ ಬಿರುಕು ಬಿಡುವುದಕ್ಕೆ ಕುಖ್ಯಾತವಾದವು. ಗುಜರಿಯಲ್ಲಿ ಈ ಎಂಜಿನ್ ಕೊಳ್ಳುವವರು ಮೊದಲು ಓದಬೇಕಾದದ್ದು ಆ ನಾಲ್ಕು ಅಂಕೆಗಳನ್ನು. ಡಾಡ್ಜ್‌ನ ಸ್ಲ್ಯಾಂಟ್ ಸಿಕ್ಸ್ 30 ಡಿಗ್ರಿ ವಾಲಿಕೊಂಡು ಕುಳಿತ, ನಾಲ್ಕೇ ಮೇನ್ ಬೇರಿಂಗ್‌ಗಳ ಮೇಲೆ ಲಕ್ಷಾಂತರ ಮೈಲಿ ತಿರುಗಿದ ವಿಚಿತ್ರ. ಬಗ್ಗಿದರೆ ಎಲ್ಲವೂ ಕೈಗೆ ಎಟುಕುತ್ತದೆ, ಆದರೆ ಶಕ್ತಿಯ ಮಾತು ಎತ್ತುವಂತಿಲ್ಲ. ಕಮಿನ್ಸ್‌ನ 5.9 ಲೀಟರ್ ಡೀಸೆಲ್ ಆರು ಸಿಲಿಂಡರ್‌ಗಳ ರಾಜನೇ ಸರಿ, ಆದರೆ ಸಾವಿರ ಪೌಂಡ್‌ಗೂ ಮಿಕ್ಕಿದ ತೂಕವನ್ನು ಪುಟ್ಟ ಪಿಕಪ್‌ನ ಮುಂದಿನ ಆಕ್ಸಲ್ ಮೇಲೆ ಹೇರುವುದು ಕರುವಿನ ಕೊರಳಿಗೆ ನೊಗ ಕಟ್ಟಿದಂತೆ.

ನಿಜವಾದ ಸ್ಪರ್ಧೆ ಇದ್ದದ್ದು ವಿ6ಗಳ ನಡುವೆ. ಜನರಲ್ ಮೋಟಾರ್ಸ್‌ನ 4.3 ಎಂದರೆ ಅವರ 5.7 ಲೀಟರ್ ವಿ8ರಿಂದ ಎರಡು ಸಿಲಿಂಡರ್ ಕಡಿದಂಥ ಎಂಜಿನ್. ಬಿಡಿಭಾಗ ಅಗ್ಗ, ಯಾವ ಪೇಟೆಯಲ್ಲಿಯೂ ಸಿಗುತ್ತದೆ, ಟೊಯೋಟಾ ಗಿಯರ್ ಪೆಟ್ಟಿಗೆಗೆ ಜೋಡಿಸುವ ಅಡಾಪ್ಟರ್ ಕೂಡ ಮಾರಾಟಕ್ಕಿದೆ. ತೊಂಬತ್ತರ ದಶಕದ ಕೆಲವು ವರ್ಷಗಳಲ್ಲಿ ಇದಕ್ಕೆ ಬಂದ, ಜೇಡದ ಕಾಲುಗಳಂತೆ ಹರಡಿದ ಪೆಟ್ರೋಲ್ ಇಂಜೆಕ್ಷನ್ ಜೋಡಣೆ ಗಾಳಿ ಒಳಸೇರುವ ಇನ್‌ಟೇಕ್‌ನ ಹೊಟ್ಟೆಯೊಳಗೇ ಅಡಗಿ ಕುಳಿತಿರುವುದರಿಂದ, ಅದು ಸೋರಲು ತೊಡಗಿದರೆ ಹೊರಗಿನಿಂದ ಕಾಣಿಸುವುದೇ ಇಲ್ಲ. ಅದಕ್ಕಿಂತ ಕಷ್ಟದ್ದು ಫೋರ್ಡ್ ರೇಂಜರ್‌ಗೆ 2001ರಿಂದ ಬಂದ, ಕ್ಯಾಮ್‌ಗಳನ್ನು ಹೆಡ್ ಮೇಲೆ ಹೊತ್ತ 4.0. ಬ್ಲಾಕು ಗಟ್ಟಿ, ಎಳೆತ ಚೆನ್ನ. ಆದರೆ ಒಂದು ಬದಿಯ ಟೈಮಿಂಗ್ ಚೈನು ಎಂಜಿನ್ನಿನ ಹಿಂಭಾಗದಲ್ಲಿದೆ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ ಮುರಿದರೆ ನೂರು ಡಾಲರ್‌ನ ತುಂಡಿಗಾಗಿ ಎಂಜಿನ್ನನ್ನೇ ಇಳಿಸಬೇಕಾದೀತು.

ಈ ಓದಿನಿಂದ ನನಗೆ ಒಂದು ಅಳತೆಗೋಲು ಸಿಕ್ಕಿತು. ಯಾವ ಎಂಜಿನ್ ಕೆಡುವುದಿಲ್ಲ ಎಂದು ಕೇಳುತ್ತ ಹೋದರೆ ಪ್ರತಿಯೊಬ್ಬನೂ ತನ್ನ ಗಾಡಿಯ ಹೆಸರನ್ನೇ ಹೇಳುತ್ತಾನೆ. ಕೆಡುವ ಭಾಗ ಎಲ್ಲಿದೆ, ಅಲ್ಲಿಗೆ ಕೈ ಹೋಗುತ್ತದೆಯೇ, ಕೆಡುವ ಮುನ್ನ ಅದು ಏನಾದರೂ ಸುಳಿವು ಕೊಡುತ್ತದೆಯೇ ಎಂದು ಕೇಳಿದರೆ ಮಾತ್ರ ಉತ್ತರಗಳು ಬೇರೆ ಬೇರೆಯಾಗಿ ಬರುತ್ತವೆ. ಆ ಅಳತೆಯಲ್ಲಿ ಟೊಯೋಟಾದ 3.4, ಅಂದರೆ 5ವಿಝಡ್-ಎಫ್‌ಇ, ಬಹಳ ಮುಂದೆ ನಿಂತಿತು. ಇದು ನನ್ನ ಹಳೆಯ ಎಂಜಿನ್ನಿನ ತಮ್ಮನೇ: ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎರಡಕ್ಕೂ 82 ಮಿಲಿಮೀಟರ್, ಬೋರ್ (ಸಿಲಿಂಡರ್‌ನ ಅಗಲ) ಮಾತ್ರ 87.5ರಿಂದ 93.5ಕ್ಕೆ ಹಿಗ್ಗಿದೆ, ಸಿಲಿಂಡರ್‌ಗೆ ಎರಡರ ಬದಲು ನಾಲ್ಕು ವಾಲ್ವ್‌ಗಳು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದ ಕಡೆ ಮೂರು ಕಾಯಿಲ್‌ಗಳು, ಟಕೋಮಾದಲ್ಲಿ 190 ಅಶ್ವಶಕ್ತಿ ಮತ್ತು 220 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ). ಇದರಲ್ಲಿ ಕಾಲಕಾಲಕ್ಕೆ ಬದಲಿಸಲೇಬೇಕಾದದ್ದು 90,000 ಮೈಲಿಗೊಮ್ಮೆ ಟೈಮಿಂಗ್ ಬೆಲ್ಟ್. ಅದು ಎದುರಿಗೇ ಇದೆ, ನೀರಿನ ಪಂಪನ್ನು ತಿರುಗಿಸುವುದೂ ಅದೇ ಆದ್ದರಿಂದ ಒಂದೇ ಕೂಲಿಯಲ್ಲಿ ಎರಡೂ ಮುಗಿಯುತ್ತವೆ, ಅಕಸ್ಮಾತ್ ಬೆಲ್ಟ್ ಹರಿದರೂ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುವುದಿಲ್ಲ. ಅಣ್ಣತಮ್ಮಂದಿರ ಈ ಸಂಬಂಧದಿಂದ ಇನ್ನೊಂದು ಲಾಭವಿದೆ. ನನ್ನ ಗಿಯರ್ ಪೆಟ್ಟಿಗೆಯ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ಹೊಸ ಎಂಜಿನ್ನಿನ ಬೆನ್ನಿಗೆ ನೇರವಾಗಿ ಕೂರುತ್ತದೆ, ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಹಳೆಯ ಮೌಂಟ್‌ಗಳು ಹೊಸ ಬ್ಲಾಕ್‌ಗೆ ಬೋಲ್ಟ್ ಆಗುತ್ತವೆ, ಚಾಸಿಗೆ ವೆಲ್ಡಿಂಗ್ ಸೋಕಿಸಬೇಕಾಗಿಲ್ಲ.

ಎಂಜಿನ್ ಬದಲಿಸುವುದು ನಮ್ಮ ಕಡೆಯವರಿಗೆ ಹೊಸ ವಿದ್ಯೆಯೇನಲ್ಲ. ಸಕಲೇಶಪುರದ ಕಡೆಯ ತೋಟಗಳಲ್ಲಿ ವಿಲ್ಲೀಸ್ ಜೀಪ್‌ಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿದ ಗಾಡಿಗಳನ್ನು ನೋಡಿಕೊಂಡೇ ಬೆಳೆದವನು ನಾನು. ನನ್ನ ಸೋದರಮಾವನ ಜೀಪ್‌ನ ಎಂಜಿನ್ ಹಲಸಿನ ಮರದ ಕೊಂಬೆಗೆ ಕಟ್ಟಿದ ಚೈನ್ ಬ್ಲಾಕ್‌ನಲ್ಲಿ ಇಳಿದು, ಅದೇ ಕೊಂಬೆಯಿಂದ ಇನ್ನೊಂದು ಏರಿತ್ತು. ಅಲ್ಲಿ ಆರ್‌ಟಿಒ ಪುಸ್ತಕದಲ್ಲಿ ಎಂಜಿನ್ ನಂಬರ್ ತಿದ್ದಿಸುವುದು ತಲೆನೋವು, ಇಲ್ಲಿ ತಲೆನೋವು ಬೇರೆ ಬಗೆಯದು.

ಎಂಜಿನ್ ಕೊಳ್ಳುವಾಗ ನಾನು ಪಟ್ಟ ಶ್ರಮವೇ ಕೊನೆಗೆ ಕೈಹಿಡಿದದ್ದು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ಟಕೋಮಾ ಅದು, 1,18,000 ಮೈಲಿ ಓಡಿತ್ತು, ಮ್ಯಾನುಯಲ್ ಗಿಯರ್‌ನದು. ಗಿಯರ್ ಮ್ಯಾನುಯಲ್ ಆಗಿರುವುದು ಮುಖ್ಯ, ಏಕೆಂದರೆ ಆಟೊಮ್ಯಾಟಿಕ್ ಗಾಡಿಯ ಕಂಪ್ಯೂಟರ್ ಪೆಟ್ಟಿಗೆ ತನ್ನ ಗಿಯರ್ ಪೆಟ್ಟಿಗೆಯನ್ನು ಹುಡುಕಿ, ಸಿಗದೆ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಆರೂ ಸಿಲಿಂಡರ್‌ಗಳ ಕಂಪ್ರೆಷನ್ ಅಳೆಸಿದೆ, ಹೆಚ್ಚು ಕಡಿಮೆ ಸಮವಾಗಿತ್ತು. ಎಂಜಿನ್ ಜೊತೆಗೆ ಕತ್ತರಿಸದ ಪೂರ್ತಿ ವೈರಿಂಗ್, ಕಂಪ್ಯೂಟರ್, ಗಾಳಿ ಅಳೆಯುವ ಸೆನ್ಸರ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಎರಡೂ ಆಕ್ಸಿಜನ್ ಸೆನ್ಸರ್‌ಗಳು, ಪೆಟ್ರೋಲ್ ಆವಿಯನ್ನು ಹೀರುವ ಇದ್ದಿಲ ಡಬ್ಬಿ ಎಲ್ಲವನ್ನೂ ಪಟ್ಟಿ ಹಿಡಿದು ಕೇಳಿ ಪಡೆದೆ. ಇವೆಲ್ಲ ಸೇರಿ 2,300 ಡಾಲರ್. ಬರಿಯ ಎಂಜಿನ್ ಅಗ್ಗಕ್ಕೆ ತಂದು, ಆಮೇಲೆ ಒಂದೊಂದೇ ಕನೆಕ್ಟರ್‌ಗಾಗಿ ಅಲೆದವರನ್ನು ಬಲ್ಲೆ. ಅವರ ಲೆಕ್ಕ ಕೊನೆಗೆ ನನ್ನದಕ್ಕಿಂತ ಹೆಚ್ಚಾಗಿತ್ತು.

ಕೆಲಸ ವಹಿಸಿದ್ದು ಊರಾಚೆಯ ಒಂದು ಸಣ್ಣ ಗ್ಯಾರೇಜಿಗೆ. ಹೆಸರು ಬೇಡ, ಏಕೆಂದರೆ ಹೊಗಳಿಕೆಯ ಜೊತೆಗೆ ಎರಡು ದೂರುಗಳೂ ಇವೆ. ಎಂಜಿನ್ ಕೂರಿಸುವ ದಿನ ನಾನು ಅಲ್ಲಿಯೇ ಇದ್ದೆ. ಸರಪಳಿಯಲ್ಲಿ ತೂಗುತ್ತಿದ್ದ ಎಂಜಿನ್ನನ್ನು ಒಬ್ಬ ಮುಂದಿನಿಂದ ಅಂಗೈ ಅಗಲದಷ್ಟು ಓಲಾಡಿಸುತ್ತಿದ್ದ, ಇನ್ನೊಬ್ಬ ಗಾಡಿಯ ಕೆಳಗೆ ಮಲಗಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಬೆಲ್ ಹೌಸಿಂಗ್‌ನ ಸಂದಿಯನ್ನು ನೋಡುತ್ತಿದ್ದ. ಗಿಯರ್ ಪೆಟ್ಟಿಗೆಯ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಹೋಗಲೊಲ್ಲದೆ ಇಪ್ಪತ್ತು ನಿಮಿಷ ಹಠ ಹಿಡಿಯಿತು. ಕೆಳಗಿದ್ದವನು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಎಳ್ಳಷ್ಟು ತಿರುಗಿಸಿದ, ‘ಟಕ್’ ಎಂಬ ಮೆತ್ತನೆಯ ಸದ್ದಿನೊಂದಿಗೆ ಎರಡು ಬೆರಳಿನ ಸಂದಿ ಮುಚ್ಚಿಕೊಂಡಿತು. ಬೋಲ್ಟ್ ಬಿಗಿಮಾಡಿ ಎಳೆದು ಸೇರಿಸಲು ಅವರು ಒಮ್ಮೆಯೂ ಯತ್ನಿಸಲಿಲ್ಲ ಎಂಬುದರಿಂದಲೇ ಅವರ ಕೈ ಎಂಥದು ಎಂದು ತಿಳಿಯಿತು. ಎಂಜಿನ್ನಿನ ಬೆನ್ನಿಗೆ ಜಾಗ ಸಾಲದೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಫೈರ್‌ವಾಲ್‌ನ ತಗಡಿನ ಅಂಚನ್ನು ಒಂದು ಕಡೆ ಬಡಿದು ಮಡಿಸಿದರು, ಅದಕ್ಕೆ ಬಣ್ಣವನ್ನೂ ಹಚ್ಚಿದರು. ಡ್ಯಾಶ್‌ಬೋರ್ಡಿನ ಹಳೆಯ ಮುಳ್ಳು ಸರಿಯಾದ ಬಿಸಿಯನ್ನೇ ತೋರಿಸಲೆಂದು ಹಳೆಯ ಎಂಜಿನ್ನಿನ ಟೆಂಪರೇಚರ್ ಸೆನ್ಸರನ್ನೇ ಹೊಸದಕ್ಕೆ ಹಾಕಿದ್ದು ನಾನು ಕೇಳದೆಯೇ ಮಾಡಿದ ಕೆಲಸ.

ದೂರುಗಳು ಹೀಗಿವೆ: ಮೂರು ವಾರವೆಂದದ್ದು ಏಳು ವಾರವಾಯಿತು, ವಿಳಂಬವನ್ನು ನಾನೇ ಫೋನ್ ಮಾಡಿ ತಿಳಿದುಕೊಳ್ಳಬೇಕಾಯಿತು. ಎರಡನೆಯದಾಗಿ, ಎಂಜಿನ್ನಿನ ಹಿಂಭಾಗದಿಂದ ಬಾಡಿಗೆ ಹೋಗಬೇಕಾದ ಅರ್ತ್ ಪಟ್ಟಿಯೊಂದನ್ನು ಜೋಡಿಸುವುದನ್ನೇ ಮರೆತಿದ್ದರು. ಮನೆಗೆ ತಂದ ಮೊದಲ ವಾರ ಹೆಡ್‌ಲೈಟ್ ಹಾಕಿದರೆ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ಒಮ್ಮೆ ಎಂಜಿನ್ ಕಾದು ಕೆಟ್ಟ ಅನುಭವವಿದ್ದವನ ಎದೆ ಹೇಗೆ ಹೊಡೆದುಕೊಂಡಿರಬಹುದು ನೋಡಿ. ತಪ್ಪನ್ನು ತೋರಿಸಿದ ಮೇಲೆ ಹತ್ತು ನಿಮಿಷದಲ್ಲಿ, ಹಣ ಕೇಳದೆ, ಸರಿಪಡಿಸಿಕೊಟ್ಟರು. ಕೂಲಿ 4,800 ಡಾಲರ್. ಕ್ಲಚ್, ರೇಡಿಯೇಟರ್, ಬೆಲ್ಟ್, ನೀರಿನ ಪಂಪ್, ಸೀಲ್‌ಗಳು, ಹೊಗೆ ಕೊಳವೆಯ ಕೆಲಸಕ್ಕೆ ಉಳಿದದ್ದು ಹೋಯಿತು. ಎಂಜಿನ್ ಹೊರಗಿರುವಾಗಲೇ ಬೆಲ್ಟನ್ನೂ ಹಿಂದಿನ ಆಯಿಲ್ ಸೀಲನ್ನೂ ಹೊಸದಾಗಿ ಹಾಕಿಸದೆ ಬಿಡುವುದು ಜಿಪುಣತನವಲ್ಲ, ದಡ್ಡತನ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಾಗಿಲು ದಾಟಬೇಕು. ಇಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಇದೆ, ಎಂಜಿನ್ ಬದಲಿಸಿದ ಗಾಡಿಯನ್ನು ಮೊದಲು ರೆಫರಿ ಎಂಬ ಸರ್ಕಾರದ ತಪಾಸಣೆಗಾರನ ಮುಂದೆ ನಿಲ್ಲಿಸಬೇಕು. ಹಾಕುವ ಎಂಜಿನ್ ಗಾಡಿಯ ವರ್ಷದ್ದೇ ಆಗಿರಬೇಕು ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು, ಆ ಎಂಜಿನ್ ತನ್ನ ಮೂಲ ಗಾಡಿಯಲ್ಲಿದ್ದಾಗ ಹೊತ್ತಿದ್ದ ಹೊಗೆ ನಿಯಂತ್ರಣದ ಸಾಮಗ್ರಿಯೆಲ್ಲ ಇಲ್ಲಿಯೂ ಇರಬೇಕು. ಸಮುದಾಯ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ನಡೆದ ತಪಾಸಣೆಯಲ್ಲಿ ರೆಫರಿ ಮುಕ್ಕಾಲು ಗಂಟೆ ಕನ್ನಡಿ ಹಿಡಿದು ಒಂದೊಂದೇ ಕೊಳವೆಯನ್ನು ಗುರುತಿಸಿದರು, ಇದ್ದಿಲ ಡಬ್ಬಿಯನ್ನು ಮುಟ್ಟಿ ನೋಡಿದರು, ಕೊನೆಗೆ ಬಾಗಿಲ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿದರು. ಗುಜರಿಯಲ್ಲಿ ಪಟ್ಟಿ ಹಿಡಿದು ಸಾಮಾನು ಕೇಳಿದ್ದರ ಫಲ ಆ ದಿನ ಸಿಕ್ಕಿತು. ಕ್ಯಾಲಿಫೋರ್ನಿಯಾದ ಓದುಗರು ಇದನ್ನು ಮೊದಲು ಯೋಚಿಸಿ ಆಮೇಲೆ ಎಂಜಿನ್ ಹುಡುಕಬೇಕು.

ಈಗ ಓಡಿಸುವ ಸುಖದ ಮಾತು. ಎರಡು ವರ್ಷದಲ್ಲಿ 21,000 ಮೈಲಿ ಆಗಿದೆ. ಡಾನರ್‌ನ ಅದೇ ಏರಿನಲ್ಲಿ, ಹಿಂದೆ ಟೆಂಟು, ಐಸ್‌ಪೆಟ್ಟಿಗೆ, ಮೂವರು ಜನರ ಸಾಮಾನು ಹೊತ್ತು, ನಾಲ್ಕನೆಯ ಗಿಯರಿನಲ್ಲಿ 65 ಮೈಲಿ ಬಿಡದೆ ಹತ್ತುತ್ತದೆ. ಅಗತ್ಯ ಬಿದ್ದರೆ ಲಾರಿಯನ್ನು ಹಿಂದಿಕ್ಕುವಷ್ಟು ಉಸಿರು ಇನ್ನೂ ಉಳಿದಿರುತ್ತದೆ. ಗ್ಯಾಲನ್‌ಗೆ 15 ಮೈಲಿ ಕೊಡುತ್ತಿದ್ದದ್ದು ಈಗ 18 ಕೊಡುತ್ತಿದೆ, ಹಾಗೆಂದು ಈ ಕೆಲಸದ ಖರ್ಚು ಪೆಟ್ರೋಲ್ ಉಳಿತಾಯದಿಂದ ಹುಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐಡಲಿಂಗ್‌ನಲ್ಲಿ ನಿಂತಾಗ ಕನ್ನಡಿ ನಡುಗುವುದಿಲ್ಲ. ಈವರೆಗೆ ಕೆಟ್ಟದ್ದು ಒಂದೇ: ಕಳೆದ ಚಳಿಗಾಲದಲ್ಲಿ ಕೀಲಿ ತಿರುಗಿಸಿದರೆ ‘ಕ್ಲಿಕ್’ ಎಂದು ಸುಮ್ಮನಾಗತೊಡಗಿತು. ಈ ಕಾಲದ ಟೊಯೋಟಾ ಸ್ಟಾರ್ಟರ್‌ಗಳ ಒಳಗಿನ ತಾಮ್ರದ ತುಂಡುಗಳು ಸವೆದಾಗ ಬರುವ ಸದ್ದು ಅದು ಎಂದು ಓದಿದ್ದೆ. ಬಿಚ್ಚಿ ನೋಡಿದರೆ ಒಂದು ತುಂಡು ನಾಣ್ಯದ ಅಂಚಿನಷ್ಟು ತೆಳುವಾಗಿತ್ತು. ಇಪ್ಪತ್ತು ಡಾಲರ್‌ನ ಜೋಡಿ ತಂದು ಭಾನುವಾರದ ಬೆಳಿಗ್ಗೆ ನಾನೇ ಹಾಕಿಕೊಂಡೆ. ಕೆಡುವುದಾದರೆ ಹೀಗೆ ಕೆಡಬೇಕು.

ಟಕೋಮಾಗೆ 2005ರಿಂದ ಬಂದ 4.0 ಲೀಟರ್ ವಿ6 ಬೆಲ್ಟ್ ಬಿಟ್ಟು ಚೈನ್ ಹಾಕಿಕೊಂಡದ್ದು, ಇನ್ನೂ ಬಲಶಾಲಿ. ಅದನ್ನೇ ಹಾಕಬಹುದಿತ್ತಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಹಾಕಿದವರಿದ್ದಾರೆ, ಆದರೆ ಅಲ್ಲಿ ಮೌಂಟ್‌ಗಳಿಂದ ಹಿಡಿದು ಕಂಪ್ಯೂಟರ್‌ವರೆಗೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು, ಖರ್ಚು ಬೇರೆಯೇ ಅಂತಸ್ತಿಗೆ ಹೋಗುತ್ತದೆ. ನಾಲ್ಕು ಸಿಲಿಂಡರ್‌ನ 22ಆರ್-ಇ ಇರುವ ಪಿಕಪ್ ನಿಮ್ಮದಾಗಿದ್ದರೆ ಕೂಡ ಈ ಲೆಕ್ಕ ನಿಮಗೆ ಹೊಂದುವುದಿಲ್ಲ, ಏಕೆಂದರೆ ಗಿಯರ್ ಪೆಟ್ಟಿಗೆಯಿಂದಲೇ ಬದಲಾವಣೆ ಶುರುವಾಗುತ್ತದೆ. ಮೂಲದಲ್ಲಿಯೇ 3.0 ವಿ6 ಇರುವ, ಮ್ಯಾನುಯಲ್ ಗಿಯರಿನ, ಚಾಸಿಗೆ ತುಕ್ಕು ತಾಗದ ಗಾಡಿಯಾದರೆ ಮಾತ್ರ ಕಣ್ಣುಮುಚ್ಚಿ 3.4 ಹಾಕಿಸಿ ಎನ್ನುತ್ತೇನೆ. ಒಂದು ಎಚ್ಚರಿಕೆ: ಬ್ರೇಕುಗಳು ಇನ್ನೂ 150 ಅಶ್ವಶಕ್ತಿಯ ಕಾಲದವೇ. ಡಾನರ್ ಹತ್ತುವಾಗ ಸಿಕ್ಕ ಸಂತೋಷದ ಅರ್ಧವನ್ನು ಇಳಿಯುವಾಗ ಬಿಸಿಯಾದ ಪ್ಯಾಡ್‌ಗಳ ವಾಸನೆ ನುಂಗಿಹಾಕಿತು. ಮುಂದಿನ ತಿಂಗಳು ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ಗಳನ್ನು ದೊಡ್ಡದಾಗಿ ಹಾಕಿಸಲು ಅದೇ ಗ್ಯಾರೇಜಿಗೆ ಗಾಡಿ ಬಿಡುತ್ತಿದ್ದೇನೆ, ಎರಡು ದಿನದ ಕೆಲಸ ಎಂದಿದ್ದಾರೆ, ನಾನು ವಾರದ ಲೆಕ್ಕ ಇಟ್ಟುಕೊಂಡಿದ್ದೇನೆ.